ಪುಟದಂಚಿನ ಒಂಟಿ ಸಾಲು: ವೆಬ್‌ನಲ್ಲಿ ಒಂದು ನಿಯಮ ನಡೆದು ಬಂದ ದಾರಿ

ಪ್ಯಾರಾದ ಮೊದಲ ಸಾಲೊಂದೇ ಪುಟದ ಅಡಿಯಲ್ಲಿ ಉಳಿದುಬಿಡುವುದನ್ನೂ ಕೊನೆಯ ಸಾಲೊಂದೇ ಮುಂದಿನ ಪುಟದ ತಲೆಗೆ ಬಂದು ಕೂರುವುದನ್ನೂ ಅಚ್ಚಿನ ಕೆಲಸ ಬಲ್ಲವರು ಹಿಂದಿನಿಂದಲೂ ದೋಷವೆಂದೇ ಎಣಿಸಿದ್ದಾರೆ. ಡೊನಾಲ್ಡ್ ನೂತ್ ಅವರ ಟೆಕ್ ಅಕ್ಷರಜೋಡಣೆ ವ್ಯವಸ್ಥೆ ಇಂಥ ಸಾಲುಗಳಿಗೆ ದಂಡಾಂಕ ಹಾಕುತ್ತದೆ. ಅದರ ಮೂಲ ರೂಪವಾದ ಪ್ಲೇನ್ ಟೆಕ್‌ನಲ್ಲಿ ಆ ಅಂಕ 150. ಪುಟವನ್ನು ಎಲ್ಲಿ ಮುರಿದರೆ ಒಟ್ಟಾರೆ ಕೆಡುಕು ಕಡಿಮೆಯೆಂಬುದನ್ನು ಅದು ತೂಗಿ ನೋಡುತ್ತದೆ.

ವೆಬ್ ಹಿಡಿದದ್ದು ಇದಕ್ಕಿಂತ ಸರಳವಾದ ದಾರಿ. ವೆಬ್ ಪುಟದ ರೂಪ ಹೇಗಿರಬೇಕೆಂದು ಬರೆಯುವ ಭಾಷೆ ಸಿಎಸ್‌ಎಸ್. 1998ರ ಮೇ ತಿಂಗಳಲ್ಲಿ ಹೊರಬಂದ ಸಿಎಸ್‌ಎಸ್ 2 ಎರಡು ಗುಣಗಳನ್ನು ಕೊಟ್ಟಿತು: ಪುಟ ಮುರಿಯುವ ಮುನ್ನ ಕನಿಷ್ಠ ಎಷ್ಟು ಸಾಲು ಉಳಿಯಬೇಕೆಂದು 'ಆರ್ಫನ್ಸ್' ಹೇಳಿದರೆ, ಮುರಿದ ಮೇಲೆ ಕನಿಷ್ಠ ಎಷ್ಟು ಸಾಲು ಬರಬೇಕೆಂದು 'ವಿಡೋಸ್' ಹೇಳುತ್ತದೆ. ಎರಡಕ್ಕೂ ಮೂಲ ಬೆಲೆ, ಅಂದರೆ ಬೇರೇನೂ ಹೇಳದಿದ್ದಾಗ ಹಿಡಿಯುವ ಸಾಲುಗಳ ಸಂಖ್ಯೆ, 2. ಈ ಬೆಲೆಯಲ್ಲಿ ಮೂರು ಸಾಲಿನ ಪ್ಯಾರಾವನ್ನು ಮುರಿಯುವಂತೆಯೇ ಇಲ್ಲ, ಅದು ಇಡಿಯಾಗಿ ಮುಂದಿನ ಪುಟಕ್ಕೆ ಹೋಗಬೇಕು. ನಾಲ್ಕು ಸಾಲಿನದನ್ನು ಸರಿಯಾಗಿ ನಡುವೆ ಮಾತ್ರ ಮುರಿಯಬಹುದು. ಐದು ಸಾಲಿನದಕ್ಕೆ ಎರಡು ಜಾಗಗಳಿವೆ. ಬೆಲೆಯನ್ನು 4ಕ್ಕೆ ಏರಿಸಿದರೆ ಏಳು ಸಾಲಿನ ಪ್ಯಾರಾ ಕೂಡ ಮುರಿಯದೆ ಜಿಗಿದು, ಹಿಂದಿನ ಪುಟದ ಅಡಿಯಲ್ಲಿ ದೊಡ್ಡ ಖಾಲಿ ಜಾಗ ಬಿಡುತ್ತದೆ. ಈ ಖಾಲಿ ಜಾಗವೂ ಒಂದು ದೋಷವೇ ಎಂಬುದು ಬರಿಯ ಎಣಿಕೆಗೆ ತಿಳಿಯದು, ಮತ್ತು ನನ್ನ ದೃಷ್ಟಿಯಲ್ಲಿ ಈ ನಿಯಮದ ನಿಜವಾದ ಕೊರತೆ ಇದೇ. ಪಠ್ಯ ಪುಟದಿಂದ ಹೊರಚೆಲ್ಲುವುದನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ನಿಯಮವನ್ನು ಕೈಬಿಡಲು ಅವಕಾಶವಿದೆ.

ತೆರೆಯ ಮೇಲಿನ ಪಠ್ಯ ಒಂದೇ ಉದ್ದದ ಹಾಳೆಯಂತೆ ಸರಿಯುತ್ತಿದ್ದುದರಿಂದ ಮುದ್ರಿಸುವವರನ್ನು ಬಿಟ್ಟು ಉಳಿದವರಿಗೆ ಇದರ ಅಗತ್ಯ ಕಾಣಲಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಈ ಗುಣಗಳು ಬಂದದ್ದು 2009ರ 8ನೇ ಆವೃತ್ತಿಯಲ್ಲಿ, ಕ್ರೋಮ್‌ಗೆ 2013ರಲ್ಲಿ. ಎರಡು ದಶಕ ಕಳೆದರೂ ಫೈರ್‌ಫಾಕ್ಸ್ ಇವನ್ನು ಅಳವಡಿಸಿಕೊಂಡಿರಲಿಲ್ಲ.

ಪಠ್ಯವನ್ನು ಕಾಲಂಗಳಲ್ಲಿ ಹರಿಸುವ ಸೌಲಭ್ಯ ಬಂದ ಮೇಲೆ ಅದೇ ದೋಷ ತೆರೆಯ ಮೇಲೂ ಕಾಣಿಸಿಕೊಂಡಿತು. ಪಠ್ಯವನ್ನು ಎಲ್ಲಿ ಮುರಿಯಬೇಕೆಂದು ಹೇಳುವ ಸಿಎಸ್‌ಎಸ್‌ನ ಭಾಗವಾದ ಫ್ರಾಗ್ಮೆಂಟೇಶನ್ ಮಾಡ್ಯೂಲ್ ಪುಟಕ್ಕಷ್ಟೇ ಇದ್ದ ನಿಯಮವನ್ನು ಕಾಲಂಗಳಿಗೂ ವಿಸ್ತರಿಸಿತು. ಆದರೆ ಬ್ರೌಸರ್ ಎಲ್ಲ ಕಾಲಂಗಳ ಎತ್ತರವನ್ನು ಸಮ ಮಾಡಲು ಹೊರಟಾಗ ಈ ನಿಯಮ ಅಡ್ಡ ಬಂದು, ಒಂದು ಕಾಲಂ ಪಕ್ಕದ್ದಕ್ಕಿಂತ ಒಂದೆರಡು ಸಾಲು ಗಿಡ್ಡವಾಗುವುದುಂಟು. ಅದನ್ನು ಸಹಿಸಿಕೊಳ್ಳುವುದೇ ಒಳ್ಳೆಯದು, ಏಕೆಂದರೆ ಕಾಲಂನ ತಲೆಯಲ್ಲಿ ಒಂಟಿಯಾಗಿ ನಿಂತ ಸಾಲು ಓದನ್ನು ಕೆಡಿಸುವಷ್ಟು ಆ ಅಸಮ ಅಂಚು ಕೆಡಿಸುವುದಿಲ್ಲ.

ಪ್ಯಾರಾದ ಕೊನೆಯ ಸಾಲಿನಲ್ಲಿ ಒಂದೇ ಪದ ಉಳಿಯುವುದು ಬೇರೆಯೇ ಸಮಸ್ಯೆ. 2023ರಲ್ಲಿ ಕ್ರೋಮ್‌ಗೆ ಬಂದ ಸಿಎಸ್‌ಎಸ್ ಸೂಚನೆ 'ಟೆಕ್ಸ್ಟ್-ರ‍್ಯಾಪ್: ಪ್ರೆಟಿ' ಅದನ್ನು ತಡೆಯಲು ನೋಡುತ್ತದೆ, ಪುಟ ಎಲ್ಲಿ ಮುರಿಯಬೇಕೆಂಬುದನ್ನು ಮುಟ್ಟುವುದಿಲ್ಲ.