ಕಲ್ಲಿನ ಪೆಟ್ಟಿಗೆಯ ಚೀಟಿ ಕಿತ್ತುಹಾಕಿ

ಭೂವಿಜ್ಞಾನ ಕಲಿಸುವ ಶಿಕ್ಷಕರ ಜೊತೆ ಕೂತಾಗಲೆಲ್ಲ ಮೊದಲು ಬರುವ ಪ್ರಶ್ನೆ ಒಂದೇ. ಯಾವ ಮಾದರಿ ತರಿಸಬೇಕು, ಯಾವ ವಿಡಿಯೊ ತೋರಿಸಬೇಕು, ಯಾವ ಆ್ಯಪ್ ಚೆನ್ನಾಗಿದೆ? ಪಟ್ಟಿ ಕೊಡುವುದು ಕಷ್ಟವಲ್ಲ, ಕೆಳಗೆ ಕೊಡುತ್ತೇನೆ ಕೂಡ. ಆದರೆ ಸಾಮಗ್ರಿಯನ್ನು ಆರಿಸುವಾಗ ನಾನು ನೋಡುವುದು ಒಂದೇ ಸಂಗತಿ: ಅದನ್ನು ಕೈಗಿಟ್ಟ ಮೇಲೆ ವಿದ್ಯಾರ್ಥಿ ತಾನೇ ಯೋಚಿಸಿ ತೀರ್ಮಾನಿಸಬೇಕಾದದ್ದು ಏನಾದರೂ ಉಳಿದಿರುತ್ತದೆಯೇ?

ಇದು ನನಗೆ ತಿಳಿದದ್ದು ತಡವಾಗಿ. ಕಲಿಸಲು ಶುರುಮಾಡಿದ ಹೊಸತರಲ್ಲಿ ನನ್ನ ಬಳಿ ಇಪ್ಪತ್ತು ಕಲ್ಲುಗಳ ಒಂದು ಪೆಟ್ಟಿಗೆ ಇತ್ತು. ಪ್ರತಿ ಗೂಡಿಗೂ ಒಂದು ಕಲ್ಲು, ಅದರ ಮೇಲೆ ಅಂದವಾಗಿ ಬರೆದ ಹೆಸರಿನ ಚೀಟಿ. ಪರೀಕ್ಷೆಯ ದಿನ ಚೀಟಿ ಮುಚ್ಚಿ ಒಂದು ಕಲ್ಲು ಮುಂದಿಟ್ಟೆ. ಎದುರಿಗಿದ್ದ ಹುಡುಗಿ ಅದನ್ನು ಮುಟ್ಟುವ ಮೊದಲೇ "ಬಸಾಲ್ಟ್ ಸರ್" ಅಂದಳು. ಹೇಗೆ ಗೊತ್ತಾಯ್ತಮ್ಮ ಎಂದು ಕೇಳಿದೆ. "ಮೂಲೆ ಒಡೆದಿರೋದು ಬಸಾಲ್ಟ್ ಅಲ್ವಾ ಸರ್." ಅವಳ ತಪ್ಪೇನೂ ಇರಲಿಲ್ಲ. ನಾನು ಕೊಟ್ಟ ಪೆಟ್ಟಿಗೆಯಲ್ಲಿ ಕಲಿಯಲು ಇದ್ದದ್ದೇ ಅಷ್ಟು.

ಅಂದೇ ಸಂಜೆ ಚೀಟಿಗಳನ್ನೆಲ್ಲ ಕಿತ್ತೆ. ಕಲ್ಲಿನ ಅಡಿಯಲ್ಲಿ ಬರೀ ಒಂದು ಸಂಖ್ಯೆ ಬರೆದು, ಹೆಸರುಗಳನ್ನು ನನ್ನ ಪುಸ್ತಕದಲ್ಲಿ ಇಟ್ಟುಕೊಂಡೆ. ಆಮೇಲೆ ಒಂದೇ ಜಾತಿಯ ಕಲ್ಲಿಗೆ ಎರಡು ಮೂರು ಮುಖಗಳನ್ನು ಸೇರಿಸುತ್ತ ಹೋದೆ: ಗುಲಾಬಿ ಗ್ರಾನೈಟ್ ಜೊತೆಗೆ ಬೂದು ಗ್ರಾನೈಟ್, ಬಿಳಿ ಮರಳುಗಲ್ಲಿನ ಪಕ್ಕ ಕೆಂಪು ಮರಳುಗಲ್ಲು. ಬಣ್ಣ ನೋಡಿ ಹೆಸರು ಹೇಳುವ ಅಭ್ಯಾಸ ಒಂದೇ ವಾರದಲ್ಲಿ ನಿಂತುಹೋಯಿತು. ಮಕ್ಕಳು ಕಣದ ಗಾತ್ರ ನೋಡತೊಡಗಿದರು, ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿವೆಯೋ ಅಥವಾ ಕಣಗಳನ್ನು ಅಂಟಿಸಿದ ಹಾಗಿದೆಯೋ ಎಂದು ಲೆನ್ಸ್ ಹಿಡಿದು ಹುಡುಕತೊಡಗಿದರು. ಅಗ್ನಿಶಿಲೆಯನ್ನೂ ಜಲಜಶಿಲೆಯನ್ನೂ ಬೇರೆಮಾಡುವ ಮೊದಲ ಹೆಜ್ಜೆಯೇ ಅದು. ಒಬ್ಬೊಬ್ಬರಿಗೂ ಹತ್ತು ಪಟ್ಟು ಹಿಗ್ಗಿಸುವ ಒಂದು ಲೆನ್ಸ್ ಸಿಕ್ಕರೆ ಬೇರೆ ಅರ್ಧ ಉಪಕರಣಗಳು ಇಲ್ಲದಿದ್ದರೂ ನಡೆಯುತ್ತದೆ. ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಕಲ್ಲನ್ನೇ ಅದರ ಬಳಿಗೆ ತರಬೇಕು. ಲೆನ್ಸನ್ನು ಕಲ್ಲಿನ ಮೇಲಿಟ್ಟು ದೂರದಿಂದ ಇಣುಕುವವರಿಗೆ ಏನೂ ಕಾಣುವುದಿಲ್ಲ.

ಖನಿಜಗಳಿಗೆ ಬರೋಣ. 1812ರಲ್ಲಿ ಫ್ರೆಡ್ರಿಕ್ ಮೋಸ್ ರೂಪಿಸಿದ ಗಡಸುತನದ ಅಳತೆ ಇಂದಿಗೂ ತರಗತಿಯ ಅತ್ಯುತ್ತಮ ಸಾಮಗ್ರಿ, ಯಾಕೆಂದರೆ ಅದಕ್ಕೆ ಯಂತ್ರ ಬೇಡ. ಉಗುರು ಸುಮಾರು 2.5, ಉಕ್ಕಿನ ಮೊಳೆ ಮತ್ತು ಗಾಜು 5.5ರ ಆಸುಪಾಸು. ಇಷ್ಟಿದ್ದರೆ ಬಳಪದ ಕಲ್ಲಿನ 1ರಿಂದ ಕ್ವಾರ್ಟ್ಜ್‌ನ 7ರವರೆಗೆ ಹೆಚ್ಚಿನ ಖನಿಜಗಳನ್ನು ಗುಂಪು ಮಾಡಬಹುದು. ಬಿಳಿ ಕ್ಯಾಲ್ಸೈಟ್ ಮತ್ತು ಬಿಳಿ ಕ್ವಾರ್ಟ್ಜ್ ಎರಡನ್ನೂ ಕೊಟ್ಟು ಮೊಳೆಯಿಂದ ಗೀರಲು ಹೇಳಿ. ಎರಡರಲ್ಲೂ ಗೆರೆ ಮೂಡುತ್ತದೆ, "ಎರಡೂ ಮೆತ್ತಗಿವೆ" ಎಂದು ತರಗತಿ ಒಕ್ಕೊರಲಿನಿಂದ ಹೇಳುತ್ತದೆ. ಆಗ ಬೆರಳು ಒದ್ದೆ ಮಾಡಿಕೊಂಡು ಗೆರೆಯನ್ನು ಉಜ್ಜಲು ಹೇಳಬೇಕು. ಕ್ಯಾಲ್ಸೈಟ್ ಮೇಲಿನ ಗೆರೆ ಹೋಗುವುದಿಲ್ಲ, ಉಗುರಾಡಿಸಿದರೆ ತಗ್ಗು ಸಿಗುತ್ತದೆ. ಕ್ವಾರ್ಟ್ಜ್ ಮೇಲಿನದು ಅಳಿಸಿಹೋಗಿ ಬೆರಳ ತುದಿ ಬೂದಾಗುತ್ತದೆ. ಅಲ್ಲಿ ಸವೆದದ್ದು ಕಲ್ಲಲ್ಲ, ಮೊಳೆ! ಈ ಒಂದು ಒದ್ದೆ ಬೆರಳಿಗೆ ಇರುವ ಬೆಲೆ ನನ್ನ ಯಾವ ಸ್ಲೈಡಿಗೂ ಇಲ್ಲ.

ಒರೆಗೆ, ಅಂದರೆ ಖನಿಜವನ್ನು ಉಜ್ಜಿದಾಗ ಬೀಳುವ ಪುಡಿಯ ಬಣ್ಣ ನೋಡಲು, ಹೊಳಪಿಲ್ಲದ ಟೈಲ್ಸ್ ಚೂರು ಸಾಕು. ಉಕ್ಕಿನಂತೆ ಕಪ್ಪಗೆ ಮಿಂಚುವ ಹೆಮಟೈಟನ್ನು ಉಜ್ಜಿದರೂ ಇಟ್ಟಿಗೆಗೆಂಪು ಪುಡಿಯೇ ಬೀಳುತ್ತದೆ, ಚಿನ್ನದಂತೆ ಕಾಣುವ ಪೈರೈಟ್ ಕಪ್ಪು ಗೆರೆ ಎಳೆಯುತ್ತದೆ. ಸುಣ್ಣಕಲ್ಲನ್ನು ಗುರುತಿಸಲು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ. ಚಿಕ್ಕ ಮಕ್ಕಳ ಕೈಗೆ ಆಮ್ಲ ಕೊಡಬೇಡಿ, ಕಲ್ಲನ್ನು ಪುಡಿಮಾಡಿ ವಿನೆಗರ್ ಹಾಕಿದರೂ ಗುಳ್ಳೆ ಬರುತ್ತದೆ. ಕಲ್ಲು ಒಡೆಯುವಾಗ ಕಣ್ಣಿಗೆ ಕನ್ನಡಕ ಕಡ್ಡಾಯ, ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನು ಚಿತ್ರಗಳು. ಪಠ್ಯಪುಸ್ತಕದ ಭೂಗರ್ಭದ ಚಿತ್ರದ ಬಗ್ಗೆ ನನಗೆ ನಿಜವಾಗಿ ಬೇಸರವಿದೆ. ದಪ್ಪ ಸಿಪ್ಪೆ, ಅದರ ಕೆಳಗೆ ಕುದಿಯುವ ಕಿತ್ತಳೆ ಬಣ್ಣದ ಮ್ಯಾಂಟಲ್. ಅದನ್ನು ನೋಡಿ ಬೆಳೆದವರು ನಮ್ಮ ಕಾಲಡಿ ಲಾವಾ ಸಮುದ್ರವಿದೆ ಎಂದೇ ನಂಬಿರುತ್ತಾರೆ, ಪದವಿ ತರಗತಿಗೆ ಬಂದ ಮೇಲೂ ಆ ನಂಬಿಕೆ ಬಿಡುವುದಿಲ್ಲ. ನಾನು ಮಾಡಿಸುವುದು ಇಷ್ಟು. 64 ಸೆಂಟಿಮೀಟರ್ ದಾರಕ್ಕೆ ಸೀಮೆಸುಣ್ಣ ಕಟ್ಟಿ ಬೋರ್ಡಿನ ಮೇಲೆ ಒಂದು ವೃತ್ತ. ಭೂಮಿಯ ತ್ರಿಜ್ಯ 6371 ಕಿಲೋಮೀಟರ್, ಆದ್ದರಿಂದ ಇಲ್ಲಿ 1 ಸೆಂಟಿಮೀಟರ್ ಎಂದರೆ 100 ಕಿಲೋಮೀಟರ್. ಈಗ ಭೂಕವಚ ಎಳೆಯಿರಿ ಎಂದರೆ ಹುಡುಗರು ಲೆಕ್ಕ ಹಾಕಿ ತಡವರಿಸುತ್ತಾರೆ. ಖಂಡಗಳ ಕೆಳಗೆ ಸುಮಾರು 35 ಕಿಲೋಮೀಟರ್, ಅಂದರೆ ಮೂರೂವರೆ ಮಿಲಿಮೀಟರ್. ಎಳೆದಾಗಿರುವ ಸೀಮೆಸುಣ್ಣದ ಗೆರೆಯ ದಪ್ಪವೇ ಹೆಚ್ಚುಕಡಿಮೆ ಅಷ್ಟಿದೆ! ಸಾಗರದ ಕೆಳಗಿನ ಕವಚ ಒಂದು ಮಿಲಿಮೀಟರೂ ಇಲ್ಲ. ಎವರೆಸ್ಟ್ ಕೂಡ ಅಷ್ಟೇ. ಕೊಲಾ ಪರ್ಯಾಯ ದ್ವೀಪದಲ್ಲಿ ರಷ್ಯನ್ನರು ವರ್ಷಗಟ್ಟಲೆ ಕೊರೆದ ಬಾವಿಯ ಆಳ 12,262 ಮೀಟರ್, ಬೋರ್ಡಿನ ಮೇಲೆ ಗೆರೆಯ ಅರ್ಧಕ್ಕೂ ಮುಟ್ಟುವುದಿಲ್ಲ.

ಆಗ ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ: "ಹಾಗಾದರೆ ಒಳಗೇನಿದೆ ಅಂತ ಹೇಗೆ ಗೊತ್ತು?" ಭೂಕಂಪನದ ಅಲೆಗಳ ಪಾಠವನ್ನು ಶುರುಮಾಡಬೇಕಾದದ್ದು ಆ ಕ್ಷಣದಲ್ಲಿ. ಭೂಕಂಪದಿಂದ ಹೊರಟು ನೆಲದೊಳಗೆ ಸಾಗುವ ಅಲೆಗಳಲ್ಲಿ ಎರಡು ಬಗೆ: ಮೊದಲು ತಲುಪುವುದು ಪಿ ಅಲೆ, ಅದರ ಹಿಂದೆ ಬರುವುದು ಎಸ್ ಅಲೆ. ಎಸ್ ಅಲೆ ದ್ರವದಲ್ಲಿ ಸಾಗುವುದಿಲ್ಲ. ಆದರೆ ಮ್ಯಾಂಟಲ್ ಒಳಗೆ ಸಾಗುತ್ತದೆ, ಆದ್ದರಿಂದ ಮ್ಯಾಂಟಲ್ ಘನ. ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ನಿಧಾನವಾಗಿ ಹರಿಯುವ ಘನ. ಮ್ಯಾಂಟಲ್ ಕೆಳಗಿನ ಹೊರ ಕೇಂದ್ರಗೋಳದ ಬಳಿ ಆ ಅಲೆ ನಿಂತುಹೋಗುತ್ತದೆ, ಅದು ದ್ರವ. ಅದರೊಳಗೆ ಇನ್ನೊಂದು ಗೋಳವಿದೆ ಎಂದು 1936ರಲ್ಲಿ ಡೆನ್ಮಾರ್ಕಿನ ಭೂಕಂಪನ ವಿಜ್ಞಾನಿ ಇಂಗೆ ಲೇಮನ್ ಹೇಳಿದ್ದೂ ಅಲೆಗಳ ದಾಖಲೆ ಓದಿಯೇ.

ಅಂತರ್ಜಾಲ ನಿಜಕ್ಕೂ ಉಪಕಾರಕ್ಕೆ ಬರುವುದು ಇಲ್ಲಿ. ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆ ಯುಎಸ್‌ಜಿಎಸ್ ಜಗತ್ತಿನ ಭೂಕಂಪಗಳ ಸ್ಥಳ, ಆಳ, ತೀವ್ರತೆಯನ್ನು ಆದ ಕೆಲವೇ ಹೊತ್ತಿನಲ್ಲಿ ಉಚಿತವಾಗಿ ಪ್ರಕಟಿಸುತ್ತದೆ. ಅರ್ತ್‌ಸ್ಕೋಪ್ ಜಾಲತಾಣದಲ್ಲಿ ಭೂಕಂಪನ ಅಳೆಯುವ ಕೇಂದ್ರಗಳ ದಾಖಲೆಗಳೇ ಸಿಗುತ್ತವೆ. ಒಂದೇ ಭೂಕಂಪವನ್ನು ಅಂಥ ಮೂರು ಕೇಂದ್ರಗಳು ದಾಖಲಿಸಿದ್ದನ್ನು ಮುದ್ರಿಸಿ ಹಂಚಿ. ಕೇಂದ್ರಗಳು ತೀರಾ ದೂರದವಾಗದಿರಲಿ. ಪಿ ಅಲೆ ಬಂದ ಮೇಲೆ ಎಸ್ ಅಲೆ ಬರಲು ಹಿಡಿದ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಆ ಕೇಂದ್ರದಿಂದ ಭೂಕಂಪಕ್ಕಿರುವ ದೂರ ಅಂದಾಜಾಗಿ ಕಿಲೋಮೀಟರಿನಲ್ಲಿ ಬರುತ್ತದೆ, 30 ಸೆಕೆಂಡಿಗೆ 240 ಕಿಲೋಮೀಟರ್. ನಕ್ಷೆಯ ಮೇಲೆ ಪ್ರತಿ ಕೇಂದ್ರದ ಸುತ್ತ ಅದರ ದೂರವನ್ನೇ ತ್ರಿಜ್ಯವಾಗಿಟ್ಟು ಕೈವಾರದಿಂದ ಮೂರು ವೃತ್ತ, ಅವು ಸೇರುವಲ್ಲಿ ಭೂಕಂಪದ ಜಾಗ. ಅವು ಒಂದೇ ಬಿಂದುವಿನಲ್ಲಿ ಸೇರುವುದು ಅಪರೂಪ, ನಡುವೆ ಸಣ್ಣ ತ್ರಿಕೋನ ಉಳಿಯುತ್ತದೆ. ಮಕ್ಕಳು ಅದನ್ನು ಅಳಿಸಿ ವೃತ್ತಗಳನ್ನು ಬಲವಂತವಾಗಿ ಸೇರಿಸಲು ಹೊರಡುತ್ತಾರೆ. ತಡೆಯಿರಿ. ಎಸ್ ಅಲೆಯ ಆರಂಭವನ್ನು ಗುರುತಿಸಿದ್ದರಲ್ಲಿ ತಪ್ಪಾಯಿತೇ, ಕಂಪನ ಹುಟ್ಟಿದ್ದು ನೆಲದ ಆಳದಲ್ಲಿರಬಹುದೇ, 8 ಎಂಬ ಸಂಖ್ಯೆ ಎಲ್ಲ ಶಿಲೆಗೂ ಒಪ್ಪುತ್ತದೆಯೇ ಎಂಬ ಚರ್ಚೆಯೆಲ್ಲ ಆ ತ್ರಿಕೋನದೊಳಗೇ ಇದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಜ್ವಾಲಾಮುಖಿಗಳಿಗೆ ಸ್ಮಿತ್‌ಸೋನಿಯನ್ ಸಂಸ್ಥೆಯ ದತ್ತಾಂಶ, ಖನಿಜಗಳಿಗೆ ಮೈಂಡ್ಯಾಟ್, ಖಂಡಗಳ ಚಲನೆಗೆ ಜಿಪ್ಲೇಟ್ಸ್, ನಿಂತ ನೆಲದ ಶಿಲೆಯ ವಯಸ್ಸು ನೋಡಲು ಮ್ಯಾಕ್ರೋಸ್ಟ್ರ್ಯಾಟ್, ನದಿಯ ತಿರುವುಗಳಿಗೆ ಗೂಗಲ್ ಅರ್ತ್. ತಯಾರಾದ ಪಾಠಯೋಜನೆ ಬೇಕೆನ್ನುವವರಿಗೆ ಕಾರ್ಲ್‌ಟನ್ ಕಾಲೇಜಿನ ಸರ್ಕ್ ಸಂಗ್ರಹ. ಇವನ್ನೆಲ್ಲ ಪ್ರಶ್ನೆ ಹುಟ್ಟಿದ ಮೇಲೆ ತೆರೆಯಿರಿ, ಮೊದಲೇ ತೋರಿಸಿದರೆ ಬರೀ ಬಣ್ಣದ ಚಿತ್ರಗಳಾಗಿ ಉಳಿಯುತ್ತವೆ. ಪರದೆಯ ಮೇಲೆ ತಿರುಗುವ ಮೂರು ಆಯಾಮದ ಕಲ್ಲಿಗೆ ತೂಕ ಇರುವುದಿಲ್ಲ ಎನ್ನುವುದೂ ನೆನಪಿರಲಿ.

ಕಾಲವನ್ನು ಕಲಿಸಲು ನಾನು ನಂಬಿರುವುದು 46 ಮೀಟರ್ ಹಗ್ಗವನ್ನು. ಒಂದು ತುದಿ ಭೂಮಿ ಹುಟ್ಟಿದ ಕಾಲ, ಕೊನೆಯ ತುದಿ ಇಂದು, 1 ಮೀಟರಿಗೆ 10 ಕೋಟಿ ವರ್ಷ. ಮೊದಲು ಮಕ್ಕಳೇ ಊಹಿಸಿ ಕ್ಲಿಪ್ ಹಾಕಲಿ: ಜೀವ ಯಾವಾಗ, ಡೈನೋಸಾರ್ ಯಾವಾಗ, ನಾವು ಯಾವಾಗ. ಡೈನೋಸಾರನ್ನು ಬಹುತೇಕ ಎಲ್ಲರೂ ಹಗ್ಗದ ನಡುವೆ ಸಿಕ್ಕಿಸುತ್ತಾರೆ. ಆಮೇಲೆ ಅಳೆದು ಸರಿಮಾಡಿಸಬೇಕು. ಅವು ಕಾಣಿಸಿಕೊಂಡದ್ದು ಕೊನೆಯಿಂದ 2.3 ಮೀಟರ್ ಹಿಂದೆ, ಹೋದದ್ದು 66 ಸೆಂಟಿಮೀಟರ್ ಹಿಂದೆ. ನಮ್ಮ ಪ್ರಭೇದದ ಪಾಲಿಗೆ ಬರುವುದು 3 ಮಿಲಿಮೀಟರ್, ಕ್ಲಿಪ್ಪಿನ ಬಾಯಿಗಿಂತ ಕಿರಿದು. ನಡುವಿನ ಉದ್ದನೆಯ ಖಾಲಿ ಹಗ್ಗ ಸೂಕ್ಷ್ಮಜೀವಿಗಳದು ಎಂದು ಹೇಳಿದಾಗ ತರಗತಿ ಸ್ವಲ್ಪ ಹೊತ್ತು ಮಾತಾಡುವುದಿಲ್ಲ.

ಶಿಕ್ಷಕರು ನನ್ನ ಬಳಿ ಮೆಲ್ಲಗೆ ಹೇಳಿಕೊಳ್ಳುವ ಭಯ ಒಂದಿದೆ: ಮಕ್ಕಳು ತಂದ ಕಲ್ಲಿನ ಹೆಸರು ನನಗೇ ಗೊತ್ತಾಗದಿದ್ದರೆ? ಗೊತ್ತಾಗದಿರಲಿ. ಸಿಕ್ಕ ಜಾಗ, ಕಣದ ಗಾತ್ರ, ಗಡಸುತನ, ಒರೆ, ಆಮ್ಲಕ್ಕೆ ಗುಳ್ಳೆ ಬಂತೋ ಇಲ್ಲವೋ ಎಲ್ಲ ಬರೆಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಸಿ, ಹೆಸರಿನ ಜಾಗ ಖಾಲಿ ಬಿಡಿಸಿ. ನನ್ನ ಪೆಟ್ಟಿಗೆಯಲ್ಲೂ ಹಾಗೆ ಹೆಸರಿಲ್ಲದ ಒಂದು ಕಲ್ಲಿದೆ, ಕಪ್ಪು, ಕೈಗೆ ಭಾರ, ಒಂದು ಬದಿಯಲ್ಲಿ ಹಸಿರು ಪಟ್ಟೆ. ತೆಳುವಾಗಿ ಕೊಯ್ಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಒಂದೇ ದಿನದಲ್ಲಿ ತಿಳಿದೀತು. ಬೇಕೆಂದೇ ಕೊಯ್ಸಿಲ್ಲ. ಪ್ರತಿ ವರ್ಷ ಹೊಸ ತರಗತಿಯ ಮೊದಲ ದಿನ ಮಕ್ಕಳ ಕೈಗೆ ಕೊಡುವುದು ಅದನ್ನೇ.