ಕೊಲರಾಡೊದ 9 ಎಲೆಕ್ಟರ್‌ಗಳು: ಮತಕ್ಕೆ ತಕ್ಕ ಪಾಲು ಕೊಟ್ಟರೆ ಏನಾಗುತ್ತೆ?

ಅಮೆರಿಕದ ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳ ಪರವಾಗಿ ಮತ ಹಾಕುವ 538 ಎಲೆಕ್ಟರ್‌ಗಳು. ಗೆಲ್ಲಲು 270 ಬೇಕು. 48 ರಾಜ್ಯಗಳಲ್ಲಿ ಒಂದೇ ಒಂದು ಮತ ಜಾಸ್ತಿ ಬಂದರೂ ಸಾಕು, ಅಲ್ಲಿನ ಎಲೆಕ್ಟರ್‌ಗಳೆಲ್ಲ ಗೆದ್ದವರ ಪಾಲು. ಕರ್ನಾಟಕದಲ್ಲಿ ಹೆಚ್ಚು ಮತ ಪಡೆದ ಪಕ್ಷಕ್ಕೆ ಲೋಕಸಭೆಯ 28 ಸೀಟನ್ನೂ ಕೊಟ್ಟುಬಿಟ್ಟ ಹಾಗೆ! ಇದು ಸಂವಿಧಾನ ಹಾಕಿದ ಕಟ್ಟಳೆ ಅಲ್ಲ. ಎಲೆಕ್ಟರ್‌ಗಳನ್ನು ಹೇಗೆ ನೇಮಿಸಬೇಕು ಅನ್ನೋದನ್ನು ಅದರ ಎರಡನೇ ವಿಧಿ ಆಯಾ ರಾಜ್ಯದ ಶಾಸನಸಭೆಗೆ ಬಿಟ್ಟಿದೆ.

ಹಾಗಾದರೆ ಮತದ ಪ್ರಮಾಣಕ್ಕೆ ತಕ್ಕಂತೆ ಹಂಚಬಹುದಲ್ವಾ? 2004ರಲ್ಲಿ ಕೊಲರಾಡೊ (ಆಗ ಅದಕ್ಕೆ 9 ಎಲೆಕ್ಟರ್‌ಗಳು) ಇದನ್ನೇ ಮತದಾರರ ಮುಂದಿಟ್ಟಿತು. ಪ್ರಸ್ತಾವದ ಹೆಸರು 'ತಿದ್ದುಪಡಿ 36'. ಲೆಕ್ಕ ಹೀಗೆ: ಅಭ್ಯರ್ಥಿಯ ಮತಪ್ರಮಾಣವನ್ನು ಎಲೆಕ್ಟರ್ ಸಂಖ್ಯೆಯಿಂದ ಗುಣಿಸಿ, ಹತ್ತಿರದ ಪೂರ್ಣ ಸಂಖ್ಯೆಗೆ ತನ್ನಿ. ಒಟ್ಟು ಕಡಿಮೆ ಬಿದ್ದರೆ ಉಳಿದದ್ದು ಮೊದಲ ಸ್ಥಾನದವರಿಗೆ.

ರಿಪಬ್ಲಿಕನ್ ಬುಷ್, ಡೆಮಾಕ್ರಟ್ ಗೋರ್, ಗ್ರೀನ್ ಪಕ್ಷದ ನೇಡರ್ ಕಣದಲ್ಲಿದ್ದ 2000ದ ಅಧ್ಯಕ್ಷ ಚುನಾವಣೆಯ ಫಲಿತಾಂಶಕ್ಕೆ ಇದನ್ನು ಹಚ್ಚಿ ನೋಡೋಣ. ಆಗ ಕೊಲರಾಡೊಗೆ 8 ಎಲೆಕ್ಟರ್‌ಗಳಿದ್ದರು. ಬುಷ್‌ಗೆ ಸುಮಾರು 50.8%, ಅಂದರೆ 4.06, ಅದು 4. ಗೋರ್‌ಗೆ 42.4%, ಅಂದರೆ 3.39, ಅದು 3. ನೇಡರ್‌ಗೆ 5.3%, ಅಂದರೆ 0.42, ಅದು ಸೊನ್ನೆ. ಕೂಡಿದರೆ 7. ಉಳಿದ ಒಂದು ಬುಷ್‌ಗೆ. ಕೊನೆಗೆ 5-3. ಆ ವರ್ಷ ಬುಷ್ ಗೆದ್ದದ್ದು 271, ಗೋರ್ ಗೆದ್ದದ್ದು 267 (ಒಬ್ಬರು ಖಾಲಿ ಮತ ಹಾಕಿದ್ದರಿಂದ ದಾಖಲಾದದ್ದು 266). ಕೊಲರಾಡೊದ ಈ ಮೂರು ಗೋರ್ ಕಡೆ ಹೋಗಿದ್ದರೆ 268-270. ಆ ಚುನಾವಣೆಯನ್ನು ನಿರ್ಧರಿಸಿದ್ದು ಯಾವ ರಾಜ್ಯ ಅಂದರೆ ಎಲ್ಲರೂ ಫ್ಲೋರಿಡಾ ಫ್ಲೋರಿಡಾ ಅಂತಾರೆ. ಆದರೆ ಕೊಲರಾಡೊದ ಹಂಚಿಕೆ ನಿಯಮವೊಂದು ಬೇರೆ ಇದ್ದಿದ್ದರೂ ಅಧ್ಯಕ್ಷರು ಬದಲಾಗುತ್ತಿದ್ದರು.

ಇಷ್ಟಾದರೂ ತಿದ್ದುಪಡಿ ಭಾರಿ ಅಂತರದಲ್ಲಿ ಸೋತಿತು. ಸುಮಾರು 65% ಜನ ಬೇಡ ಅಂದರು. ನನಗೆ ಅದರಲ್ಲಿ ಅಚ್ಚರಿ ಕಾಣೋದಿಲ್ಲ. 9 ಎಲೆಕ್ಟರ್‌ಗಳ ರಾಜ್ಯದಲ್ಲಿ ಇಬ್ಬರೇ ಕಣದಲ್ಲಿದ್ದರೆ, 50ರಿಂದ 61% ತನಕ ಎಷ್ಟೇ ಮತ ಬರಲಿ, ಫಲಿತಾಂಶ 5-4. 9 ಎಲೆಕ್ಟರ್‌ಗಳ ಪಣವಿದ್ದ ರಾಜ್ಯದಲ್ಲಿ ಉಳಿಯೋದು ಒಬ್ಬ ಎಲೆಕ್ಟರ್‌ನ ವ್ಯತ್ಯಾಸ. ಅಷ್ಟಕ್ಕೆ ಯಾವ ಅಭ್ಯರ್ಥಿ ಕೊಲರಾಡೊದ ರಾಜಧಾನಿ ಡೆನ್ವರ್‌ಗೆ ಬಂದು ಹಣ ಸುರಿಯುತ್ತಾರೆ? 4 ಎಲೆಕ್ಟರ್‌ಗಳಿದ್ದರೆ ಇನ್ನೂ ಕಷ್ಟ: 62.5% ದಾಟುವವರೆಗೂ 2-2. ರಾಜ್ಯ ಚಿಕ್ಕದಾದಷ್ಟೂ ಪೂರ್ಣ ಸಂಖ್ಯೆಗೆ ತರುವಾಗಿನ ಏರುಪೇರು ಜಾಸ್ತಿ.

ಇನ್ನು ದೊಡ್ಡ ರಾಜ್ಯ ಒಂಟಿಯಾಗಿ ಹೀಗೆ ಮಾಡಿದರೆ ತನ್ನದೇ ಬಹುಮತದ ಪಕ್ಷಕ್ಕೆ ಪೆಟ್ಟು. 2024ರಲ್ಲಿ ಡೆಮಾಕ್ರಟರು ಗೆದ್ದ ಕ್ಯಾಲಿಫೋರ್ನಿಯಾದ 54ರಲ್ಲಿ ರಿಪಬ್ಲಿಕನ್ ಟ್ರಂಪ್‌ಗೆ ಈ ಲೆಕ್ಕದಲ್ಲಿ 20ರ ಆಸುಪಾಸು ಸಿಗುತ್ತಿತ್ತು. ರಿಪಬ್ಲಿಕನ್ನರು ಗೆದ್ದ ಟೆಕ್ಸಾಸ್ ತನ್ನ ಪಾಲನ್ನು ಹಂಚದೆ ಸುಮ್ನೆ ಕೂತಿದ್ದರೆ ಡೆಮಾಕ್ರಟರು ಇದಕ್ಕೆ ಯಾಕೆ ಒಪ್ಪುತ್ತಾರೆ?

ಎಲ್ಲ ರಾಜ್ಯಗಳೂ ಒಟ್ಟಿಗೆ ಹಂಚಿದರೆ? ಆಗ ಬೇರೆ ತೊಡಕು. 1992ರಲ್ಲಿ ಪಕ್ಷೇತರ ಅಭ್ಯರ್ಥಿ ಪೆರೊ ಸುಮಾರು 19% ಮತ ಪಡೆದರೂ ಒಬ್ಬ ಎಲೆಕ್ಟರ್ ಕೂಡ ಸಿಗಲಿಲ್ಲ. 43% ಪಡೆದ ಕ್ಲಿಂಟನ್‌ಗೆ 370 ಬಂತು. ಮತಕ್ಕೆ ತಕ್ಕ ಪಾಲಾಗಿದ್ದರೆ ಯಾರೂ 270 ಮುಟ್ಟುತ್ತಿರಲಿಲ್ಲ. ಆಗ ಅಮೆರಿಕ ಸಂವಿಧಾನದ 12ನೇ ತಿದ್ದುಪಡಿಯಂತೆ ನಿರ್ಧಾರ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಪ್ರತಿನಿಧಿ ಸಭೆಗೆ ಹೋಗುತ್ತದೆ. ಅಲ್ಲಿ ಒಂದು ರಾಜ್ಯಕ್ಕೆ ಒಂದೇ ಮತ, ವಯೋಮಿಂಗ್ ಆದರೂ ಅಷ್ಟೇ, ಕ್ಯಾಲಿಫೋರ್ನಿಯಾ ಆದರೂ ಅಷ್ಟೇ. ಪ್ರಮಾಣ ಕಾಯಲು ಹೊರಟು ಪ್ರಮಾಣವೇ ಇಲ್ಲದ ಕಡೆ ಬಂದು ನಿಂತಂತೆ.

ಪರೀಕ್ಷೆಗೆ ಓದುವವರು ಒಂದು ಕಡೆ ಎಚ್ಚರ ಇಟ್ಟುಕೊಳ್ಳಿ. ಮೇನ್ ಮತ್ತು ನೆಬ್ರಾಸ್ಕಾ ಎಲೆಕ್ಟರ್‌ಗಳನ್ನು ಹಂಚುತ್ತವೆ, ನಿಜ. ಆದರೆ ಅದು ಮತದ ಪ್ರಮಾಣದ ಲೆಕ್ಕವಲ್ಲ. ಇಡೀ ರಾಜ್ಯ ಗೆದ್ದವರಿಗೆ 2, ಪ್ರತಿನಿಧಿ ಸಭೆಯ ಪ್ರತಿ ಕ್ಷೇತ್ರ ಗೆದ್ದವರಿಗೆ ಒಂದೊಂದು. 2020ರಲ್ಲಿ ಮೇನ್‌ನಲ್ಲಿ ಬೈಡನ್‌ಗೆ 3, ಟ್ರಂಪ್‌ಗೆ 1 ಬಂತು. ಪ್ರಮಾಣದ ಲೆಕ್ಕದಲ್ಲಿ ಅದು 2-2. ನೆಬ್ರಾಸ್ಕಾದಲ್ಲಿ ಟ್ರಂಪ್‌ಗೆ 4, ಬೈಡನ್‌ಗೆ 1. ಪ್ರಮಾಣದ ಲೆಕ್ಕದಲ್ಲಿ 3-2.