ರಿಪೀಟರ್‌ಗೆ ನೀಟ್‌ನಲ್ಲಿ ಮಾರ್ಕ್ಸ್ ಕಟ್ ಆಗುತ್ತಾ?

ಪ್ರಶ್ನೆ: ಸರ್, ಮಗಳಿಗೆ ನೀಟ್‌ನಲ್ಲಿ 430 ಬಂದಿದೆ. ಇನ್ನೊಂದು ವರ್ಷ ಕೋಚಿಂಗ್ ಕೊಡಿಸಿ ಮತ್ತೆ ಬರೆಸೋಣ, ಲಾಂಗ್ ಟರ್ಮ್‌ಗೆ ಹಾಕೋಣ ಅಂತಿದ್ದೇವೆ. ಆದರೆ ರಿಪೀಟರ್ಸ್‌ಗೆ ಮಾರ್ಕ್ಸ್ ಕಟ್ ಮಾಡ್ತಾರಂತೆ, ನಿಜವಾ?

ಇಲ್ಲ. ಪ್ರತಿ ವರ್ಷ ರಿಸಲ್ಟ್ ಬಂದ ವಾರ ಇದೇ ಪ್ರಶ್ನೆ, ಇದೇ ಉತ್ತರ.

ಸ್ಕೋರ್ ಕಾರ್ಡ್ ಕೈಗೆ ತಗೊಂಡು ನೋಡಿ. ಮಾರ್ಕ್ಸ್ ಇದೆ, ಪರ್ಸೆಂಟೈಲ್ ಇದೆ, ಆಲ್ ಇಂಡಿಯಾ ರ‍್ಯಾಂಕ್ ಇದೆ. ಎಷ್ಟನೇ ಸಲ ಬರೆದದ್ದು ಅನ್ನುವ ಕಾಲಂ ಎಲ್ಲಾದರೂ ಕಾಣಿಸಿತಾ? ನಮ್ಮ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೆಡಿಕಲ್ ಸೀಟು ಕೊಡುವುದೂ ನೀಟ್ ರ‍್ಯಾಂಕ್ ನೋಡಿಯೇ. ಪಿಯುಸಿ ಮಾರ್ಕ್ಸ್ ಅರ್ಹತೆಗೆ ಮಾತ್ರ. ಜನರಲ್‌ನವರಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಶೇ. 50 ಇದ್ದರಾಯಿತು.

ಈ ಸುದ್ದಿ ಹುಟ್ಟಿದ್ದು ನೀಟ್‌ನಲ್ಲಲ್ಲ, ಎಂಜಿನಿಯರಿಂಗ್ ಮುಂತಾದ ಸೀಟಿಗೆ ಕೆಇಎ ನಡೆಸುವ ಸಿಇಟಿಯಲ್ಲಿ. ಅಲ್ಲಿ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿ ಮಾರ್ಕ್ಸ್ ಕೂಡ ಸೇರುತ್ತದೆ. 2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ, ಬರೆಯದೆಯೇ ಮಾರ್ಕ್ಸ್ ಬಂತು. ಆ ಮಕ್ಕಳು 2022ರಲ್ಲಿ ಮತ್ತೆ ಸಿಇಟಿ ಬರೆದರು. ಕೆಇಎ ಅವರ ಪಿಯುಸಿ ಮಾರ್ಕ್ಸ್ ಸೇರಿಸದೆ, ಬರೀ ಸಿಇಟಿ ಮೇಲೆ ರ‍್ಯಾಂಕ್ ಕೊಟ್ಟಿತು. ಸುಮಾರು 24 ಸಾವಿರ ಮಕ್ಕಳು! ವಿಷಯ ಹೈಕೋರ್ಟ್‌ಗೆ ಹೋಯಿತು. ಕೊನೆಗೆ ಪಿಯುಸಿ ಮಾರ್ಕ್ಸ್ ಸ್ವಲ್ಪ ಇಳಿಸಿ ಸೇರಿಸುವುದು ಅಂತ ಆಯಿತು. ಇಳಿಸಿದ್ದು ಅದೊಂದೇ ಬ್ಯಾಚ್‌ಗೆ, ಅದೂ ಕೋವಿಡ್ ಕಾರಣಕ್ಕೆ. ಆ ಮಕ್ಕಳು ಎಂಜಿನಿಯರಿಂಗ್ ಮುಗಿಸುವ ಹೊತ್ತಾಯಿತು, ಸುದ್ದಿ ಮಾತ್ರ ಇನ್ನೂ ಪೇರೆಂಟ್ಸ್ ಮೀಟಿಂಗ್‌ಗೆ ತಪ್ಪದೆ ಬರುತ್ತಿದೆ.

'ಎರಡೇ ಚಾನ್ಸ್' ಅಂತಲೂ ಕೆಲವರು ಹೆದರಿಸುತ್ತಾರೆ, ಅದು ಜೆಇಇ ಅಡ್ವಾನ್ಸ್‌ಡ್ ನಿಯಮ. ಅದು ಐಐಟಿಗೆ. ನೀಟ್‌ಗೆ ಇಷ್ಟೇ ಸಲ ಅಂತಿಲ್ಲ. ಮೇಲಿನ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದರು.

ನೀಟ್‌ನಲ್ಲಿ ಮಾರ್ಕ್ಸ್ ಕಟ್ ಆಗುವುದು ತಪ್ಪು ಉತ್ತರಕ್ಕೆ. ಅದನ್ನು ಯಾರೂ ಕೇಳುವುದಿಲ್ಲ ನೋಡಿ. ಮಗಳ ಓಎಂಆರ್ (ಉತ್ತರ ಹಾಳೆ) ಪ್ರತಿ, ಕೀ ಆನ್ಸರ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. 180 ಪ್ರಶ್ನೆಯಲ್ಲಿ 120 ಸರಿ, 50 ತಪ್ಪು, 10 ಖಾಲಿ ಅಂದುಕೊಳ್ಳಿ. ಸರಿಗೆ 4ರಂತೆ 480, ಅದರಲ್ಲಿ ತಪ್ಪಿಗೆ 1ರಂತೆ 50 ಹೋಗಿ 430. ಒಂದು ತಪ್ಪು ಸರಿಯಾದರೆ 4 ಅಲ್ಲ, 5 ಮಾರ್ಕ್ಸ್ ಲಾಭ. ಇಪ್ಪತ್ತು ಸರಿಯಾದರೆ ನೂರು.

ಆ 50 ತಪ್ಪಿನ ಪಕ್ಕ ಪೆನ್ಸಿಲ್‌ನಲ್ಲಿ ಬರೆಯಲು ಅವಳಿಗೇ ಹೇಳಿ. ಓದೇ ಇರಲಿಲ್ಲ ಅಂದರೆ 'ಓ'. ಗೊತ್ತಿದ್ದೂ ಅವಸರದಲ್ಲಿ ತಪ್ಪಿದ್ದರೆ 'ಅ'. ಸುಮ್ನೆ ಊಹಿಸಿ ಗುರುತು ಹಾಕಿದ್ದರೆ 'ಊ'. ನೀವು ಪಕ್ಕ ಕೂರಬೇಡಿ, ಕೂತರೆ ಎಲ್ಲವೂ 'ಅ' ಆಗುತ್ತದೆ. 'ಓ' ಜಾಸ್ತಿ ಇದ್ದು, ಕೂತು ಓದುವ ಮನಸ್ಸು ಅವಳಿಗೇ ಇದ್ದರೆ ಒಂದು ವರ್ಷ ಕೊಡಬಹುದು. ಎಲ್ಲ ಓದಿಯೂ ಮಾರ್ಕ್ಸ್ ಬರುತ್ತಿಲ್ಲ ಅಂದರೆ ಅದೇ ನೋಟ್ಸ್, ಅದೇ ಕ್ಲಾಸ್‌ಗೆ ಮತ್ತೊಮ್ಮೆ ಫೀಸ್ ಕಟ್ಟಬೇಡಿ.

ಹೋದ ವರ್ಷದ ಮಾರ್ಕ್ಸ್‌ಗೆ ಹೋಲಿಸಿ ಲೆಕ್ಕ ಹಾಕಲೂ ಬೇಡಿ. 2024ರಲ್ಲಿ ಪರಿಷ್ಕೃತ ಫಲಿತಾಂಶದಲ್ಲೂ 17 ಜನರಿಗೆ 720ಕ್ಕೆ 720 ಬಂದಿತ್ತು. 2025ರಲ್ಲಿ ದೇಶಕ್ಕೇ ಮೊದಲು ಬಂದವರಿಗೆ 686. ರ‍್ಯಾಂಕ್ ನೋಡಿ, ಅದಕ್ಕೆ ನಿಮ್ಮ ಕೆಟಗರಿಯಲ್ಲಿ ಕಳೆದ ವರ್ಷ ಯಾವ ಸೀಟು ಸಿಕ್ಕಿತ್ತು ಅಂತ ಕೆಇಎ ಕಟ್‌ಆಫ್ ಪಟ್ಟಿಯಲ್ಲಿ ಹುಡುಕಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ರಿಪೀಟ್ ಮಾಡಿದರೂ ಸಿಇಟಿ ಬಿಡಬೇಡಿ. ವೆಟರ್ನರಿ, ಅಗ್ರಿ, ಫಾರ್ಮಸಿ ದಾರಿ ಅಲ್ಲೇ ಇರುವುದು. ಒಂದೊಂದು ವಿಷಯಕ್ಕೆ 60 ಪ್ರಶ್ನೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ನನ್ನ ಹತ್ತಿರ ಓದಿದ ಹುಡುಗಿಯೊಬ್ಬಳು ನೀಟ್ ಅಭ್ಯಾಸದಲ್ಲೇ ಸಿಇಟಿ ಫಿಸಿಕ್ಸ್‌ನಲ್ಲಿ 11 ಪ್ರಶ್ನೆ ಖಾಲಿ ಬಿಟ್ಟು ಬಂದಳು. ಯಾಕಮ್ಮಾ ಅಂದರೆ, "ಡೌಟ್ ಇತ್ತು ಸರ್" ಅಂದಳು.